ವರ್ಷಕ್ಕೊಂದು ಕಂಟೈನರ್: ವೆರಾಕ್ರಿಪ್ಟ್ ಬಳಸಿದ ನನ್ನ ಅನುಭವ

ಕಳೆದ ನವೆಂಬರಿನ ಒಂದು ಸಂಜೆ ಮೆಜೆಸ್ಟಿಕ್‌ನಿಂದ ರಾಜಾಜಿನಗರಕ್ಕೆ ಬರುವ ಬಸ್ಸಿನಲ್ಲಿ ನನ್ನ ಲ್ಯಾಪ್‌ಟಾಪ್ ಚೀಲ ಕಳುವಾಯಿತು. ಅದರಲ್ಲಿ ಸುಮಾರು ಇನ್ನೂರು ಕ್ಲೈಂಟ್‌ಗಳ ಪ್ಯಾನ್, ಆಧಾರ್, ಬ್ಯಾಂಕ್ ವಿವರಗಳೂ ಆರು ವರ್ಷಗಳ ತೆರಿಗೆ ಲೆಕ್ಕಗಳೂ ಇದ್ದವು. ಅವನ್ನೆಲ್ಲ ವೆರಾಕ್ರಿಪ್ಟ್ ಎಂಬ ತಂತ್ರಾಂಶದಿಂದ ಎನ್‌ಕ್ರಿಪ್ಟ್ ಮಾಡಿ, ಅಂದರೆ ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದಂತೆ ಬೀಗ ಹಾಕಿ, ಅದರ ನಕಲನ್ನೂ ಇಟ್ಟುಕೊಂಡಿದ್ದೆ. ಅದೇ ರಾತ್ರಿ ಹತ್ತೂವರೆಯ ಹೊತ್ತಿಗೆ ಮಗಳ ಲ್ಯಾಪ್‌ಟಾಪಿನಲ್ಲಿ ಹಿಂದಿನ ರಾತ್ರಿಯವರೆಗಿನ ಎಲ್ಲ ಕಡತಗಳನ್ನೂ ತೆರೆದುಕೊಂಡು ಕುಳಿತಿದ್ದೆ. ಆ ಒಂದು ದಿನದ ಕೆಲಸವನ್ನಷ್ಟೇ ಮತ್ತೆ ಮಾಡಬೇಕಾಯಿತು. ಹಿರಿಯ ಆಡಿಟರ್ ಒಬ್ಬರು ನಾಲ್ಕು ವರ್ಷಗಳಿಂದ ನನ್ನನ್ನು ಗೇಲಿ ಮಾಡುತ್ತ, "ಕಳ್ಳ ಬರೋಕ್ಕಿಂತ ಮುಂಚೆ ನೀವೇ ಪಾಸ್‌ವರ್ಡ್ ಮರೆತು ಹೊರಗೆ ನಿಲ್ತೀರಿ, ನೋಡ್ತಿರಿ" ಎನ್ನುತ್ತಿದ್ದರು. ಅವರ ಮಾತು ಪೂರ್ತಿ ಸುಳ್ಳಾಗಲಿಲ್ಲ ಎಂಬುದನ್ನು ಒಪ್ಪಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

2021ರಲ್ಲಿ ಮೊದಲು ಮಾಡಿದ ತಪ್ಪು ದುಬಾರಿಯಾಗುವುದರಲ್ಲಿತ್ತು. ಎಸ್.ಪಿ. ರಸ್ತೆಯಲ್ಲಿ ಐದೂವರೆ ಸಾವಿರದ ಆಸುಪಾಸು ಕೊಟ್ಟು ಎರಡು ಟಿಬಿ ಡಿಸ್ಕ್ ತಂದು, ಇಡೀ ಪಾರ್ಟಿಷನ್ನನ್ನೇ (ಡಿಸ್ಕಿನ ಜಾಗವನ್ನೇ) ವೆರಾಕ್ರಿಪ್ಟ್‌ನಿಂದ ಎನ್‌ಕ್ರಿಪ್ಟ್ ಮಾಡಿದೆ. ಅಂಥ ಡಿಸ್ಕನ್ನು ಜೋಡಿಸಿದಾಗ ವಿಂಡೋಸ್‌ಗೆ ಅದರೊಳಗೆ ಏನೂ ಕಾಣುವುದಿಲ್ಲವಾದ್ದರಿಂದ, ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕೆಂದು ಕೇಳುತ್ತದೆ. ನನ್ನ ಸಹಾಯಕ ಹುಡುಗ ಒಂದು ಮಧ್ಯಾಹ್ನ ಅದಕ್ಕೆ ಹೂಂ ಎಂದುಬಿಟ್ಟ. ಡೇಟಾ ರಿಕವರಿ ಅಂಗಡಿಯೊಂದರಲ್ಲಿ ಇಪ್ಪತ್ತು ಸಾವಿರಕ್ಕಿಂತ ಹೆಚ್ಚೇ ಕೇಳಿ, ಸಿಗುವ ಖಾತರಿ ಇಲ್ಲವೆಂದೂ ಸೇರಿಸಿದರು. ಎರಡು ರಾತ್ರಿ ನಿದ್ದೆಗೆಟ್ಟ ಮೇಲೆ, ವಾಲ್ಯೂಮಿನ (ಹೀಗೆ ಎನ್‌ಕ್ರಿಪ್ಟ್ ಆದ ಜಾಗದ) ಕೊನೆಯಲ್ಲಿ ಹೆಡರಿನ, ಅಂದರೆ ಅದನ್ನು ತೆರೆಯುವ ಕೀಲಿಗಳಿರುವ ಭಾಗದ, ಇನ್ನೊಂದು ಪ್ರತಿ ಇರುತ್ತದೆ ಎಂಬುದು ನೆನಪಾಯಿತು. ಮೌಂಟ್ ಮಾಡುವ, ಅಂದರೆ ವಾಲ್ಯೂಮನ್ನು ತೆರೆಯುವ ಆಯ್ಕೆಗಳಲ್ಲಿ ಆ ಒಳಗಿನ ಪ್ರತಿಯನ್ನು ಬಳಸುವಂತೆ ಗುರುತು ಹಾಕಿದಾಗ ವಾಲ್ಯೂಮ್ ತೆರೆದುಕೊಂಡಿತು. ಫಾರ್ಮ್ಯಾಟ್ ಬರೆದು ಹಾಕಿದ ಜಾಗದ ಕೆಲವು ಫೋಲ್ಡರುಗಳು ಹೋದವು, ಉಳಿದದ್ದು ಕಾಸು ಖರ್ಚಿಲ್ಲದೆ ಬಂತು. ಅಂದಿನಿಂದ ಪಾರ್ಟಿಷನ್ ಗೊಡವೆಗೇ ಹೋಗದೆ, ಎಲ್ಲರ ಕಣ್ಣಿಗೂ ಸಾಮಾನ್ಯ ಕಡತದಂತೆ ಕಾಣುವ, ಒಳಗೆ ಹಲವು ಕಡತಗಳನ್ನಿಡಬಹುದಾದ ಕಂಟೈನರುಗಳನ್ನಷ್ಟೇ ಬಳಸುತ್ತಿದ್ದೇನೆ.

ಎರಡನೆಯ ತಪ್ಪು ಇನ್ನೂ ನಾಚಿಕೆಗೇಡಿನದು. 150 ಜಿಬಿಯ ಒಂದೇ ಕಂಟೈನರ್ ಮಾಡಿ ಅದನ್ನು ಕ್ಲೌಡ್ ಫೋಲ್ಡರಿನಲ್ಲಿಟ್ಟೆ. ಮೂರು ತಿಂಗಳ ನಂತರ ನೋಡಿದರೆ ಕ್ಲೌಡಿನಲ್ಲಿ ಮೊದಲ ದಿನದ ಪ್ರತಿಯೇ ಇತ್ತು. ಕಂಟೈನರಿನೊಳಗೆ ಎಷ್ಟು ಬರೆದರೂ ಅದರ ಮಾರ್ಪಾಡಿನ ದಿನಾಂಕವನ್ನು ವೆರಾಕ್ರಿಪ್ಟ್ ತಾನಾಗಿಯೇ ಹಳೆಯದಾಗಿ ಉಳಿಸುತ್ತದೆ. ದಿನಾಂಕ ಬದಲಾಗದಿದ್ದರೆ ಕ್ಲೌಡ್ ತಂತ್ರಾಂಶಕ್ಕೆ ಕಳುಹಿಸಲು ಏನೂ ಇಲ್ಲ. ಪ್ರಿಫರೆನ್ಸಸ್‌ನಲ್ಲಿ ದಿನಾಂಕ ಉಳಿಸುವ ಆ ಗುರುತನ್ನು ತೆಗೆದೆ. ಆಗ ನಾನು ಬಳಸುತ್ತಿದ್ದ ಸೇವೆ ಪ್ರತಿದಿನ ಇಡೀ 150 ಜಿಬಿಯನ್ನು ಮತ್ತೆ ಕಳುಹಿಸಲು ಹೊರಟಿತು. ಕ್ಲೌಡಿಗೆ ಹೋಗುವ ಸ್ಕ್ಯಾನ್ ಪ್ರತಿಗಳನ್ನು ಈಗ ಕ್ರಿಪ್ಟೋಮೇಟರ್ ಎಂಬ ಇನ್ನೊಂದು ತಂತ್ರಾಂಶ ನೋಡಿಕೊಳ್ಳುತ್ತದೆ. ಅದು ಕಡತಗಳನ್ನು ಒಂದೊಂದಾಗಿ ಎನ್‌ಕ್ರಿಪ್ಟ್ ಮಾಡುವುದರಿಂದ ಬದಲಾದದ್ದು ಮಾತ್ರ ಹೋಗುತ್ತದೆ. ಎಷ್ಟು ಕಡತಗಳಿವೆ, ಹೆಚ್ಚುಕಡಿಮೆ ಎಷ್ಟು ದೊಡ್ಡವು ಎಂಬುದು ಹೊರಗಿನವರಿಗೆ ತಿಳಿಯುತ್ತದೆ ನಿಜ, ಅಷ್ಟರಿಂದ ನನಗೇನೂ ನಷ್ಟವಿಲ್ಲ.

ಕೊನೆಗೆ ನಿಂತ ಕ್ರಮವೆಂದರೆ ಹಣಕಾಸು ವರ್ಷಕ್ಕೊಂದು ಕಂಟೈನರ್, ತಲಾ 12 ಜಿಬಿ. ಹಳೆಯ ವರ್ಷಗಳನ್ನು ರೀಡ್-ಓನ್ಲಿಯಾಗಿ ಮಾತ್ರ ತೆರೆಯುತ್ತೇನೆ. ಅವು ಬದಲಾಗುವುದಿಲ್ಲವಾದ್ದರಿಂದ ಒಮ್ಮೆ ನಕಲು ಮಾಡಿದರೆ ಸಾಕು. ಚಾಲ್ತಿ ವರ್ಷದ ಕಂಟೈನರನ್ನು ಡಿಸ್‌ಮೌಂಟ್ ಮಾಡಿ (ಮುಚ್ಚಿ), ಪ್ರತಿ ರಾತ್ರಿ ಮಲಗುವ ಮುನ್ನ ಎರಡು ಡಿಸ್ಕುಗಳಿಗೆ ಸರದಿಯಂತೆ ನಕಲಿಸುತ್ತೇನೆ, ಎರಡೋ ಮೂರೋ ನಿಮಿಷದ ಕೆಲಸ. ಹಳೆಯ ಪೆನ್‌ಡ್ರೈವಿನಲ್ಲಿ ಇದನ್ನು ಮಾಡಹೋಗಿ ಕೆಟ್ಟದ್ದೂ ಉಂಟು: ಅದರಲ್ಲಿದ್ದ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟಿನಲ್ಲಿ 4 ಜಿಬಿ ಮೀರಿದ ಕಡತ ಕೂರುವುದೇ ಇಲ್ಲ. ಹೆಡರ್ ಬ್ಯಾಕಪ್‌ಗಳು ಬೇರೆಯೇ ಜಾಗದಲ್ಲಿವೆ. ಪಾಸ್‌ವರ್ಡ್ ಬರೆದ ಕಾಗದವನ್ನು ಎರಡು ತುಂಡು ಮಾಡಿ ಎರಡು ಮನೆಗಳಲ್ಲಿ ಇಟ್ಟಿದ್ದೇನೆ. ಯಾವ ಮನೆ, ಕಂಟೈನರುಗಳಿಗೆ ಏನು ಹೆಸರು, ಪಾಸ್‌ವರ್ಡನ್ನು ಯಾವ ಲೆಕ್ಕದಲ್ಲಿ ಕಟ್ಟುತ್ತೇನೆ ಎಂಬುದನ್ನು ಮಾತ್ರ ಕೇಳಬೇಡಿ.

ಪಾಸ್‌ವರ್ಡ್ ವಿಷಯದಲ್ಲಿ ಅತಿ ಬುದ್ಧಿವಂತಿಕೆ ತೋರಿಸಲು ಹೋಗಿ ಎರಡು ಬಾರಿ ಹೊರಗೆ ನಿಂತೆ. ಪಾಸ್‌ವರ್ಡನ್ನು ಎಷ್ಟು ಬಾರಿ ಕಲಸಬೇಕೆಂಬುದನ್ನು ನಿರ್ಧರಿಸುವ ಪಿಐಎಂ ಸಂಖ್ಯೆಯನ್ನು 2000 ಎಂದು ಕೊಟ್ಟಿದ್ದು ಒಂದು. ಎಸ್‌ಎಚ್‌ಎ-512 ಎಂಬ ಹ್ಯಾಷ್‌ನಲ್ಲಿ (ಪಾಸ್‌ವರ್ಡನ್ನು ಕಲಸುವ ಸೂತ್ರದಲ್ಲಿ) ಏನೂ ಕೊಡದಿದ್ದರೆ ಐದು ಲಕ್ಷ ಆವರ್ತನೆಗಳಾಗುವ ಕಡೆ ಇಪ್ಪತ್ತು ಲಕ್ಷ ದಾಟಿತು. ಹಳೆಯ ಲ್ಯಾಪ್‌ಟಾಪ್ ಪ್ರತಿ ಸಲ ಏದುಸಿರು ಬಿಡುತ್ತಿತ್ತು. ಆ ಸಂಖ್ಯೆಯನ್ನೇ ಮರೆತು ಒಂದು ಭಾನುವಾರವಿಡೀ ಊಹಿಸುತ್ತ ಕುಳಿತೆ. ಹ್ಯಾಷ್ ಯಾವುದೆಂದು ಮೊದಲೇ ಆರಿಸಿ ಕೊಟ್ಟರೆ ಎಲ್ಲವನ್ನೂ ಒಂದೊಂದಾಗಿ ಪ್ರಯತ್ನಿಸುವ ಸಮಯ ಉಳಿಯುತ್ತದೆ ಎಂಬುದನ್ನು ಕಲಿತದ್ದಷ್ಟೇ ಲಾಭ.

ಇನ್ನೊಂದು, ಕನ್ನಡದಲ್ಲೇ ಪಾಸ್‌ವರ್ಡ್ ಇಟ್ಟ ಪ್ರಯೋಗ. ಸಿಸ್ಟಂ ಡ್ರೈವ್ (ವಿಂಡೋಸ್ ಇರುವ ಡ್ರೈವ್) ಅಲ್ಲದ ಕಡೆ ಇದಕ್ಕೆ ಅವಕಾಶವಿದೆ, 128 ಬೈಟುಗಳ ಮಿತಿಯೊಳಗೆ. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಹೋಗುತ್ತದೆ. ಕಚೇರಿಯಲ್ಲಿ ತೆರೆಯುತ್ತಿದ್ದ ಕಂಟೈನರ್ ಮನೆಯಲ್ಲಿ ತೆರೆಯಲಿಲ್ಲ. ಪಾಸ್‌ವರ್ಡಿನಲ್ಲಿ 'ಸೂರ್ಯ' ಎಂಬ ಪದವಿತ್ತು. ಒಂದು ಕಡೆ ಅದನ್ನು ಅರ್ಕಾವತ್ತಿನೊಂದಿಗೆ, ಇನ್ನೊಂದು ಕಡೆ 'ಸೂರ‍್ಯ' ಎಂದು ಯ ಒತ್ತಿನೊಂದಿಗೆ ಹೊಡೆಯುತ್ತಿದ್ದೆ. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಸೇರಿಕೊಂಡಿರುತ್ತದೆ. ಪರದೆಯ ಮೇಲೆ ಬರಿಯ ಚುಕ್ಕೆಗಳೇ ಕಾಣುವಾಗ ಇದು ಹೊಳೆಯುವುದು ಹೇಗೆ? ನೋಟ್‌ಪ್ಯಾಡಿನಲ್ಲಿ ಹೊಡೆದು ನೋಡಿದಾಗಲೇ ತಿಳಿದದ್ದು. ಈಗ ಕನ್ನಡ ಪದಗಳನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆಯುತ್ತೇನೆ.

ಕಂಟೈನರೊಂದನ್ನೇ ನಂಬಿದ್ದರೂ ಕೆಡುತ್ತಿದ್ದೆ. ಡೌನ್‌ಲೋಡ್ಸ್ ಮತ್ತು ಟೆಂಪ್ ಫೋಲ್ಡರುಗಳಲ್ಲಿ ಕ್ಲೈಂಟ್‌ಗಳ ಪಿಡಿಎಫ್‌ಗಳು ಬಿದ್ದಿದ್ದನ್ನು ಕಂಡ ಮೇಲೆ, ಖರ್ಚಾದರೂ ಸರಿಯೆಂದು ವಿಂಡೋಸ್ ಪ್ರೊಗೆ ಬದಲಾಯಿಸಿ ಇಡೀ ಡ್ರೈವನ್ನೇ ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ಹಾಕಿ, ಅದರ 48 ಅಂಕಿಗಳ ರಿಕವರಿ ಕೀಯನ್ನು ಮುದ್ರಿಸಿಟ್ಟೆ. ಮದರ್‌ಬೋರ್ಡ್ ಬದಲಾದಾಗ ಅದು ಕೇಳಿಯೇ ಕೇಳಿತು.

ಕಳುವಿನ ಸುದ್ದಿ ತಿಳಿದ ಆ ಹಿರಿಯರು ಮರುವಾರ ಫೋನ್ ಮಾಡಿ, "ಭಾನುವಾರ ಬಿಡುವಿದ್ರೆ ನಮ್ಮ ಆಫೀಸ್ ಕಡೆ ಬಂದು ಹೋಗ್ರೀ" ಎಂದರು. ಹೋಗಿ ಅವರಿಗೂ ಎರಡು ಕಂಟೈನರ್ ಮಾಡಿಕೊಟ್ಟು, ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಲೇಬೇಕೆಂದು ಹೇಳಿ ಬಂದೆ. ನನ್ನ ಚಾಲ್ತಿ ವರ್ಷದ 12 ಜಿಬಿಯಲ್ಲಿ ಆಗಲೇ ಹತ್ತು ತುಂಬಿದೆ. ಕಂಟೈನರನ್ನು ಹಿಗ್ಗಿಸುವ ಸಲಕರಣೆ ವೆರಾಕ್ರಿಪ್ಟ್‌ನಲ್ಲೇ ಇದ್ದರೂ ತುಂಬಿದ ಕಂಟೈನರಿನ ಮೇಲೆ ಅದನ್ನು ಓಡಿಸಲು ಧೈರ್ಯ ಸಾಲದೆ, ಈ ವಾರ 20 ಜಿಬಿಯ ಹೊಸದೊಂದನ್ನು ಮಾಡಿ ಎಲ್ಲವನ್ನೂ ಅದಕ್ಕೆ ಸಾಗಿಸುತ್ತಿದ್ದೇನೆ.