ನ್ಯೂಜೆರ್ಸಿಗೆ ಹೊರಟ ನಮ್ಮ ಕಡೆಯವರಿಗೆ: ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಕಾಯಿಪಲ್ಯೆ ಹರಿಯುವ ಬಗ್ಗೆ

ಎಳ್ಳ ಅಮಾಸಿಗೆಂದು ಅಮೆರಿಕದಿಂದ ಊರಿಗೆ ಬಂದವಳು ಇನ್ನೂ ಕಲಬುರಗಿಯಲ್ಲೇ ಇದ್ದೇನೆ. ಈ ದಿನಗಳಲ್ಲಿ ಮನೆಗೆ ಬಂದು ಹೋಗುವ ಹುಡುಗ ಹುಡುಗಿಯರಲ್ಲಿ ಅಮೆರಿಕಕ್ಕೆ ಹೊರಟವರೇ ಹೆಚ್ಚು. ಕಲಬುರಗಿಯವರು, ಹುಮನಾಬಾದಿನವರು, ಶಹಾಪುರದವರು. ಬಾಡಿಗೆ ಮನೆ, ಮಕ್ಕಳ ಶಾಲೆ, ಡ್ರೈವಿಂಗ್ ಲೈಸೆನ್ಸು ಎಲ್ಲ ಕೇಳುತ್ತಾರೆ. ಅದನ್ನೆಲ್ಲ ಹೇಳಿಕೊಡುವವರು ಅಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ನಾನು ಹೇಳುವುದು ಹೊಲದ ಮಾತು. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆಯ ಬುತ್ತಿ ಕಟ್ಟಿಕೊಂಡು ಹೋಗಿ, ಭೂಮಿತಾಯಿಗೆಂದು ಬೆಳೆಯ ನಡುವೆ ಅನ್ನ ಎರಚುವ ಚರಗ ಚೆಲ್ಲಿ, ತೊಗರಿ ಸಾಲಿನ ಪಕ್ಕ ಕೂತು ಉಂಡು ಬೆಳೆದವರು ನಾವು. ಅಲ್ಲಿಗೆ ಹೋದ ಮಾತ್ರಕ್ಕೆ ಹೊಲದ ಸಂಬಂಧ ಹರಿದುಕೊಳ್ಳಬೇಕಾಗಿಲ್ಲ.

ನ್ಯೂಜೆರ್ಸಿಗೆ ‘ಗಾರ್ಡನ್ ಸ್ಟೇಟ್’ ಎಂದು ಹೆಸರು. ಊರುಗಳಿಂದ ಸ್ವಲ್ಪ ಹೊರಗೆ ಕಾರು ಓಡಿಸಿದರೆ ‘ಪಿಕ್ ಯುವರ್ ಓನ್’ ಎಂದು ಬೋರ್ಡು ಹಾಕಿದ ತೋಟಗಳು ಸಿಗುತ್ತವೆ. ನೀವೇ ಸಾಲಿನೊಳಗೆ ಹೋಗಿ ಹರಿದುಕೊಳ್ಳಬೇಕು, ಹೊರಗೆ ಬಂದು ತೂಕ ಮಾಡಿಸಿ ದುಡ್ಡು ಕೊಡಬೇಕು. ತೂಕವೆಲ್ಲ ಪೌಂಡಿನಲ್ಲಿ, ಒಂದು ಪೌಂಡು ಎಂದರೆ ಹೆಚ್ಚುಕಡಿಮೆ 450 ಗ್ರಾಂ. ಕೆಲವರು ಬುಟ್ಟಿಯ ಲೆಕ್ಕದಲ್ಲಿ ಕೊಡುತ್ತಾರೆ. ಒಳಗೆ ಹೋಗಲು ತಲೆಗಿಷ್ಟು ಎಂದು ಪ್ರವೇಶದ ಹಣ ಕೇಳುವ ತೋಟಗಳೂ ಇವೆ. ಕಲಬುರಗಿಯ ಕಣ್ಣಿ ಮಾರ್ಕೆಟ್ಟಿನ ಹಾಗೆ ಅಲ್ಲಿ ಚೌಕಾಸಿ ನಡೆಯುವುದಿಲ್ಲ, ಮೇಲೊಂದು ಹಿಡಿ ಕೊತ್ತಂಬರಿಯೂ ಬೀಳುವುದಿಲ್ಲ. ಅಂಗಡಿಗಿಂತ ಸೋವಿ ಸಿಗುತ್ತದೆ ಎಂಬ ಆಸೆಯಿಂದಲೂ ಹೋಗಬೇಡಿ. ಮಕ್ಕಳನ್ನು, ದೊಡ್ಡವರನ್ನು ಒಂದು ದಿನ ಮಣ್ಣಿನ ಮೇಲೆ ಬಿಡಲಿಕ್ಕೆ ಹೋಗಿ.

ನಮ್ಮ ಕಡೆ ಹೊಲ ತುಂಬಿ ನಿಲ್ಲುವುದು ಡಿಸೆಂಬರ್, ಜನವರಿಗೆ. ಅಲ್ಲಿ ಆ ಹೊತ್ತಿಗೆ ನೆಲ ಹೆಪ್ಪುಗಟ್ಟಿರುತ್ತದೆ. ಮೇ ಕೊನೆ, ಜೂನಿಗೆ ಸ್ಟ್ರಾಬೆರಿ, ಜುಲೈಗೆ ಬ್ಲೂಬೆರಿ. ನಮ್ಮ ಬಾಯಿಗೆ ಬೇಕಾದ ಬದನಿಕಾಯಿ, ಬೆಂಡಿಕಾಯಿ, ಟೊಮ್ಯಾಟೊ, ಮೆಣಸಿನಕಾಯಿ ಜುಲೈ ಕೊನೆಯಿಂದ ಸೆಪ್ಟೆಂಬರ್ ತನಕ. ಆಮೇಲೆ ಸೇಬು, ಅಕ್ಟೋಬರಿಗೆ ಕುಂಬಳ. ಮೊದಲ ಇಬ್ಬನಿ ಹೆಪ್ಪುಗಟ್ಟಿದ ರಾತ್ರಿಯೇ ಬದನಿ, ಬೆಂಡಿ ಗಿಡಗಳ ಕತೆ ಮುಗಿಯುತ್ತದೆ. ಊರಿಂದ ಅವ್ವ ಅಪ್ಪನನ್ನು, ಅತ್ತಿ ಮಾವನನ್ನು ಕರೆಸಿಕೊಳ್ಳುವವರು ಇದನ್ನು ನೋಡಿಕೊಂಡೇ ಟಿಕೆಟ್ ಮಾಡಿಸಿ. ಅವರಿಗೆ ಸಾಮಾನ್ಯವಾಗಿ 6 ತಿಂಗಳು ಇರಲು ಬಿಡುತ್ತಾರೆ. ಆ 6 ತಿಂಗಳು ಚಳಿಗಾಲದ್ದಾದರೆ ಅಪಾರ್ಟ್‌ಮೆಂಟಿನ ಕಿಟಕಿ ಬಿಟ್ಟು ಬೇರೇನೂ ಕಾಣುವುದಿಲ್ಲ, ಪಾಪ.

ಆರ್ಗ್ಯಾನಿಕ್ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ಯು.ಎಸ್.ಡಿ.ಎ. ಆರ್ಗ್ಯಾನಿಕ್’ ಎಂಬ ಅಮೆರಿಕದ ಕೃಷಿ ಇಲಾಖೆಯ ಮುದ್ರೆ ಇರುವ ತೋಟವೆಂದರೆ, ಕೊಯ್ಲಿಗೆ ಮುಂಚಿನ 3 ವರ್ಷ ಆ ನೆಲಕ್ಕೆ ನಿಷೇಧಿತ ರಾಸಾಯನಿಕ ಬಿದ್ದಿರಬಾರದು. ಹಸಿ ಸಗಣಿಗೊಬ್ಬರ ಹಾಕಿದರೆ, ಮಣ್ಣಿಗೆ ತಾಗುವ ಬೆಳೆಯನ್ನು 120 ದಿನ ಕಳೆಯದೆ ಕೊಯ್ಯುವಂತಿಲ್ಲ. ಮಣ್ಣಿಗೆ ತಾಗದ್ದಕ್ಕೆ 90 ದಿನ. ತಿಪ್ಪೆಗೊಬ್ಬರ ಚೆನ್ನಾಗಿ ಕಳಿತ ಮೇಲೆಯೇ ಹೊಲಕ್ಕೆ ಹಾಕಬೇಕು ಎನ್ನುತ್ತಿದ್ದ ನಮ್ಮ ಹಿರಿಯರಿಗೆ ಈ ನಿಯಮ ಕೂಡಲೇ ಅರ್ಥವಾಗುತ್ತದೆ. ವರ್ಷಕ್ಕೆ 5,000 ಡಾಲರ್ ಮೀರದಷ್ಟು ಮಾರುವ ಸಣ್ಣ ರೈತರು ಪ್ರಮಾಣಪತ್ರ ಪಡೆಯಲೇಬೇಕೆಂದಿಲ್ಲ, ಆದರೆ ಆ ಮುದ್ರೆ ಬಳಸುವಂತಿಲ್ಲ. ‘ನ್ಯಾಚುರಲ್’, ‘ಲೋ ಸ್ಪ್ರೇ’ ಎಂದು ಬರೆದದ್ದು ಆರ್ಗ್ಯಾನಿಕ್ ಅಲ್ಲ. ಏನು ಹೊಡೆಯುತ್ತೀರಿ ಎಂದು ನೇರವಾಗಿ ಕೇಳಿ. ಒಳ್ಳೆಯ ರೈತ ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ನಮ್ಮ ಅತ್ತೆ ಆಳಂದ ಕಡೆಯವರು. ಮೊದಲ ಸಲ ಅಲ್ಲಿನ ತೋಟಕ್ಕೆ ಕರೆದುಕೊಂಡು ಹೋದಾಗ ಅವರು ಬೋರ್ಡು, ಮುದ್ರೆ ಏನೂ ನೋಡಲಿಲ್ಲ. ಸೀದಾ ಬದನಿ ಸಾಲಿಗೆ ಇಳಿದು ಒಂದು ಎಲೆ ಮಗುಚಿ ಹಿಡಿದರು. ತೂತು ಬಿದ್ದಿತ್ತು, ಅಡಿಯಲ್ಲಿ ಸಣ್ಣ ಹಳದಿ ತತ್ತಿಗಳ ಗುಂಪು. “ಹುಳ ಬಿದ್ದಾವ. ಎಣ್ಣಿ ಹೊಡದಿಲ್ಲ, ಖರೆ ಅದ” ಅಂದರು. ನಮ್ಮ ಕಡೆ ಹೊಲದ ಎಣ್ಣಿ ಅಂದರೆ ಕೀಟನಾಶಕ. ಆಮೇಲೆ ಕಾಯಿಯ ಮೇಲೆ ಹೆಬ್ಬೆರಳು ಒತ್ತಿ, ಒತ್ತಿದ ಗುರುತು ಮತ್ತೆ ಉಬ್ಬಿ ಬಂದದ್ದನ್ನಷ್ಟೇ ಬುಟ್ಟಿಗೆ ಹಾಕುತ್ತ ಹೋದರು. ಅಂದು ಸಂಜೆಯ ಎಣ್ಣೆಗಾಯಿಯಲ್ಲಿ ಬೀಜವೇ ಹಲ್ಲಿಗೆ ಸಿಗಲಿಲ್ಲ.

ಪಟ್ಟಣದಲ್ಲೇ ಬೆಳೆದವರಿಗೆ ಹೇಳುವುದಾದರೆ, ಬದನಿಕಾಯಿಯನ್ನು ಎಳೆಯಬೇಡಿ, ಟೊಂಗೆ ಮುರಿಯುತ್ತದೆ. ತೊಟ್ಟು ಸಮೇತ ಕತ್ತರಿಯಿಂದ ಕತ್ತರಿಸಿ; ತೊಟ್ಟಿನ ಮುಳ್ಳು ಚುಚ್ಚುತ್ತದೆ. ಬೆಂಡಿಕಾಯಿ ಬೆರಳುದ್ದ ಇರುವಾಗಲೇ ಚೆಂದ, ತುದಿ ಪಟಕ್ಕನೆ ಮುರಿಯಬೇಕು. ಗಿಡದ ಸುಂಕಿಗೆ ಕೈ ತುರಿಸುತ್ತದೆ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಬೀನ್ಸ್ ಬಿಡಿಸುವಾಗ ಒಂದು ಕೈ ಬಳ್ಳಿಗೆ, ಒಂದು ಕೈ ಕಾಯಿಗೆ. ರಾಜಗಿರಿ, ಗೋಳಿ ಪಲ್ಯ ಅಲ್ಲಿ ಕಳೆಯಾಗಿ ಬೆಳೆದಿರುತ್ತವೆ. ಕಂಡ ಕೂಡಲೇ ನಮ್ಮ ಹೆಣ್ಣುಮಕ್ಕಳ ಕೈ ಹೋಗುತ್ತದೆ. ಹೊಲದವರನ್ನು ಕೇಳಿ; ಹೇಗೂ ಕಿತ್ತೆಸೆಯುವುದು ತಾನೇ, ಎಷ್ಟೋ ಸಲ ಸುಮ್ಮನೆ ಕೊಟ್ಟುಬಿಡುತ್ತಾರೆ. ಗುರುತು ಖಾತ್ರಿಯಿಲ್ಲದ ತಪ್ಪಲು ಮಾತ್ರ ಮುಟ್ಟಬೇಡಿ.

ಒಂದು ಅಪಾಯದ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಆ ಭಾಗದಲ್ಲಿ ಜಿಂಕೆಯ ಉಣ್ಣಿ ಇದೆ, ಅದು ಕಚ್ಚಿದರೆ ಲೈಮ್ ಕಾಯಿಲೆ ಬರಬಹುದು. ಮರಿ ಉಣ್ಣಿ ಗಸಗಸೆಯಷ್ಟೇ ಸಣ್ಣದು. ಪೂರ್ತಿ ಕಾಲು ಮುಚ್ಚುವ ಪ್ಯಾಂಟು ಹಾಕಿ, ಅದರ ಅಂಚನ್ನು ಸಾಕ್ಸಿನೊಳಗೆ ಸೇರಿಸಿ. ಚಪ್ಪಲಿ ಬೇಡ, ಬೂಟು ಹಾಕಿ. ಮನೆಗೆ ಬಂದ ಕೂಡಲೇ ಮಕ್ಕಳಿಗೆ ಸ್ನಾನ ಮಾಡಿಸಿ ಕಂಕುಳು, ಕಿವಿಯ ಹಿಂದೆ, ಮೊಣಕಾಲಿನ ಹಿಂಬದಿ ನೋಡಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆದು ತೆಗೆಯಿರಿ. ಒಂದು ದಿನದೊಳಗೆ ತೆಗೆದರೆ ಅಪಾಯ ಬಹಳ ಕಡಿಮೆ. ಆಮೇಲಿನ ವಾರಗಳಲ್ಲಿ ಜ್ವರ ಬಂದರೆ, ಚರ್ಮದ ಮೇಲೆ ಕೆಂಪು ಕಲೆ ಹರಡಿದರೆ ಡಾಕ್ಟರ ಹತ್ತಿರ ಹೋಗಿ. ಬೇಲಿ ಬದಿಯಲ್ಲಿ ಮೂರು ಮೂರು ಎಲೆಯ ಬಳ್ಳಿಯನ್ನು ಮುಟ್ಟಗೊಡಬೇಡಿ, ಅದು ತಾಗಿದರೆ ಮೈ ತುರಿಸಿ ಗುಳ್ಳೆ ಏಳಿಸುವ ಪಾಯ್ಸನ್ ಐವಿ ಇರಬಹುದು.

ನಮ್ಮ ರೂಢಿಗಳ ವಿಚಾರ. ಊರಲ್ಲಿ ಯಾರ ಹೊಲಕ್ಕೆ ಹೋದರೂ “ತಿನ್ರಿ, ಹರಕೊಳ್ರಿ” ಅನ್ನುತ್ತಾರೆ. ಅಲ್ಲಿ ಹರಿದದ್ದೆಲ್ಲ ತೂಕಕ್ಕೆ. ರುಚಿ ನೋಡಲು ಬಿಡುತ್ತಾರೋ ಇಲ್ಲವೋ ಮೊದಲೇ ಕೇಳಿ. ಬುತ್ತಿಯನ್ನು ಸಾಲಿನೊಳಗೆ ಬಿಚ್ಚಬೇಡಿ; ಹೊರಗಿನ ಊಟ ಬಿಡುವ ತೋಟವಾದರೆ ಹೊರಗಡೆ ಮೇಜು ಹಾಕಿರುತ್ತಾರೆ. ನಿಮ್ಮ ಅವ್ವ ಐದು ಕಲ್ಲು ಇಟ್ಟು ಪೂಜೆ ಮಾಡಿ ಚರಗ ಚೆಲ್ಲುತ್ತೇನೆ ಅನ್ನಬಹುದು. ಬೆಳೆಯ ನಡುವೆ ಅನ್ನ ಚೆಲ್ಲಿದರೆ ಇಲಿ, ಪ್ರಾಣಿಗಳು ಬರುತ್ತವೆ, ಅಲ್ಲಿ ಅದು ದೊಡ್ಡ ತಕರಾರು. ಹಾಗೆಂದು ಅವ್ವನಿಗೆ ಬೇಡ ಅನ್ನಬೇಡಿ. ತೋಟದವರಿಗೆ ವಿಷಯ ತಿಳಿಸಿ, ಅವರು ತೋರಿಸಿದ ಜಾಗದಲ್ಲಿ ಭೂಮಿತಾಯಿಗೆ ಕೈಮುಗಿಸಿ. ಇಷ್ಟಕ್ಕೆ ಇಲ್ಲ ಅಂದವರನ್ನು ನಾನು ಕಂಡಿಲ್ಲ.

ಪುಂಡಿ ಬೀಜ, ಮೆಂತ್ಯೆ ಬೀಜ ಬಿತ್ತಲಿಕ್ಕೆಂದು ಸೂಟ್‌ಕೇಸಿನಲ್ಲಿ ಸುತ್ತಿಕೊಂಡು ಹೋಗಬೇಡಿ. ಬಿತ್ತನೆ ಬೀಜಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು; ಹೇಳದೆ ಒಯ್ದು ಸಿಕ್ಕಿಬಿದ್ದರೆ ದಂಡ ಬೀಳಬಹುದು.

ಒಂದೆರಡು ಸಲ ಹೋಗಿ ರುಚಿ ಹತ್ತಿದವರು ಸಿ.ಎಸ್.ಎ. (ಕಮ್ಯುನಿಟಿ ಸಪೋರ್ಟೆಡ್ ಅಗ್ರಿಕಲ್ಚರ್) ಎಂಬುದನ್ನು ವಿಚಾರಿಸಿ. ಬೆಳೆಯ ಕಾಲಕ್ಕೆ ಮುಂಚೆಯೇ ರೈತನಿಗೆ ಹಣ ಕಟ್ಟಿದರೆ, ಜೂನಿನಿಂದ ಚಳಿ ಬೀಳುವ ತನಕ ವಾರವಾರ ನಿಮ್ಮ ಪಾಲಿನ ಕಾಯಿಪಲ್ಯೆ ಬರುತ್ತದೆ. ಬೆಳೆ ಕೆಟ್ಟರೆ ನಷ್ಟದಲ್ಲೂ ನಿಮಗೆ ಪಾಲು. ಕೆಲವು ತೋಟಗಳಲ್ಲಿ ಪಾಲುದಾರರು ಹೊಲಕ್ಕೆ ಹೋಗಿ ಟೊಮ್ಯಾಟೊ, ಮೆಣಸಿನಕಾಯಿ, ಹೂವು ತಾವೇ ಹರಿದುಕೊಳ್ಳಬಹುದು. ಒಂದು ಪಾಲು ಇಬ್ಬರ ಮನೆಗೆ ಹೆಚ್ಚಾಗುತ್ತದೆ, ಪಕ್ಕದ ಕನ್ನಡದವರ ಜೊತೆ ಕೂಡಿ ತೆಗೆದುಕೊಳ್ಳಿ. ಹೆಸರು ಬರೆಸುವುದು ಚಳಿಗಾಲದಲ್ಲೇ, ಮಾರ್ಚ್ ದಾಟಿದರೆ ಒಳ್ಳೆಯ ತೋಟಗಳಲ್ಲಿ ಜಾಗ ಸಿಗುವುದು ಕಷ್ಟ.