ಅರಿಜೋನಾದ ಬೇಸಿಗೆಯಲ್ಲಿ ಮೋಟರ್‌ಹೋಮ್: ಎತ್ತರ ನೋಡಿ ದಾರಿ ಹಿಡಿದೆವು

ಫೀನಿಕ್ಸ್‌ನಲ್ಲಿ ಇರುವವರ ಮನೆಗೆ ಊರಿನಿಂದ ಅಪ್ಪ ಅಮ್ಮ ಬರುವುದು ಹೆಚ್ಚಾಗಿ ಬರಬಾರದ ಕಾಲದಲ್ಲೇ. ಮೊಮ್ಮಕ್ಕಳಿಗೆ ರಜೆ ಸಿಗುವುದು ಜೂನ್, ಜುಲೈಗೆ. 2023ರ ಬೇಸಿಗೆಯಲ್ಲಿ ಸತತ 31 ದಿನ 43 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಅಥವಾ ದಾಟಿದ ಊರು ಇದು. ಹಾಗೆಂದು ಗ್ರ್ಯಾಂಡ್ ಕ್ಯಾನ್ಯನ್ ತೋರಿಸದೆ ಅವರನ್ನು ಕುಂದಾಪುರಕ್ಕೆ ವಾಪಸು ಕಳಿಸಲು ಮನಸ್ಸು ಬರುತ್ತದೆಯೇ? ಅಪ್ಪನಿಗೆ ಗಂಟೆಗೊಮ್ಮೆ ಶೌಚಾಲಯ ಬೇಕು. ಅಮ್ಮನಿಗೆ ತಮ್ಮ ಕೈಯ ಅಡುಗೆಯೇ ಆಗಬೇಕು. ಮರುಭೂಮಿಯ ಸಣ್ಣ ಊರುಗಳ ಹೋಟೆಲುಗಳಲ್ಲಿ ಸಸ್ಯಾಹಾರಿಗೆ ಸಿಗುವುದು ಹುರಿದ ಆಲೂಗಡ್ಡೆ ಮತ್ತು ಒಂದಿಷ್ಟು ಸಹಾನುಭೂತಿ. ಆದ್ದರಿಂದ ಒಲೆ, ಹಾಸಿಗೆ, ಶೌಚಾಲಯ ಎಲ್ಲ ಒಳಗೇ ಇರುವ ಇಪ್ಪತ್ತೈದು ಅಡಿಯ ಮೋಟರ್‌ಹೋಮ್ ಬಾಡಿಗೆಗೆ ಹಿಡಿದೆ.

ದಾರಿಯನ್ನು ಗೊತ್ತುಮಾಡಿದ್ದು ಕಿಲೊಮೀಟರ್ ಲೆಕ್ಕದಲ್ಲಲ್ಲ, ಸಮುದ್ರಮಟ್ಟದಿಂದ ಎಷ್ಟು ಮೇಲೆ ಎಂಬ ಲೆಕ್ಕದಲ್ಲಿ. ಫೀನಿಕ್ಸ್ ಇರುವುದು ಸುಮಾರು 330 ಮೀಟರ್ ಎತ್ತರದಲ್ಲಿ, ಫ್ಲಾಗ್‌ಸ್ಟಾಫ್ 2,100ರಲ್ಲಿ. ಕಾರಿನಲ್ಲಿ ಎರಡೂವರೆ ಗಂಟೆಯೊಳಗೆ ಹನ್ನೆರಡು, ಹದಿಮೂರು ಡಿಗ್ರಿ ಇಳಿದುಹೋಗುತ್ತದೆ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚೂ ಅಷ್ಟೇ ಎತ್ತರ. ಅರಿಜೋನಾದ ಉತ್ತರದ ಜೇಕಬ್ ಲೇಕ್ ಎಂಬ ಊರು ಮತ್ತು ಪಕ್ಕದ ರಾಜ್ಯ ಯೂಟಾದ ಬ್ರೈಸ್ ಕ್ಯಾನ್ಯನ್ 2,400ರ ಆಸುಪಾಸು. ನನ್ನ ನಿಯಮ ಒಂದೇ: ರಾತ್ರಿ ತಂಗುವುದೆಲ್ಲ ಎರಡು ಸಾವಿರ ಮೀಟರಿನ ಮೇಲೆ, ತಗ್ಗಿನ ಪ್ರದೇಶ ದಾಟುವುದೆಲ್ಲ ಬೆಳಗಿನ ಹತ್ತರೊಳಗೆ. ಯೂಟಾದ ಇನ್ನೊಂದು ರಾಷ್ಟ್ರೀಯ ಉದ್ಯಾನ ಜಯಾನ್ ಚೆಲುವಾದ ಜಾಗವೇ, ಆದರೆ ಅದರ ಕಣಿವೆ 1,200 ಮೀಟರಿನಲ್ಲಿದೆ. ಪೂರ್ವದಿಂದ ಹೋದರೆ 1930ರಲ್ಲಿ ತೆರೆದ ಇಕ್ಕಟ್ಟಾದ ಸುರಂಗ ಬೇರೆ. ಅದನ್ನು ಕೈಬಿಟ್ಟೆ. ಡೆತ್ ವ್ಯಾಲಿಗೆ ಹೋಗಿ ಎಂದು ಸಲಹೆ ಕೊಟ್ಟ ಗೆಳೆಯರೂ ಇದ್ದರು. 1913ರಲ್ಲಿ 56.7 ಡಿಗ್ರಿ ದಾಖಲಾದ ಜಾಗ ಅದು. ಬೇಸಿಗೆಯ ನಡುವೆ ಅಲ್ಲಿಗೆ ಒಯ್ಯಬಾರದೆಂದು ಬಾಡಿಗೆಯ ಕರಾರಿನಲ್ಲೇ ಬರೆದಿರುತ್ತಾರೆ.

ಹೊರಟದ್ದು ನಸುಕಿನಲ್ಲಿ. ಟೈರಿನ ಗಾಳಿ ನೋಡುವುದಿದ್ದರೆ ಆಗಲೇ ನೋಡಬೇಕು, ಓಡಿ ಬಿಸಿಯಾದ ಮೇಲೆ ಒತ್ತಡದ ಅಂಕಿ ಏರಿರುತ್ತದೆ. ಕಾದ ರಸ್ತೆಯಲ್ಲಿ ಇಷ್ಟು ಭಾರ ಹೊತ್ತು, ಗಾಳಿಯೂ ಕಡಿಮೆಯಿದ್ದರೆ ಟೈರ್ ಸಿಡಿಯುತ್ತದೆ. ಫ್ಲಾಗ್‌ಸ್ಟಾಫ್ ಕಡೆಗೆ ಏರುವ 17ನೇ ಹೆದ್ದಾರಿಯಲ್ಲಿ, ಎಂಜಿನ್ ಕಾಯದಿರಲು ಎಸಿ ನಿಲ್ಲಿಸಿ ಎಂಬ ಫಲಕ ಎದುರಾಗುತ್ತದೆ. ನಾನು ಅದನ್ನು ಅಕ್ಷರಶಃ ಪಾಲಿಸಿದೆ. ನಸುಕಿನಲ್ಲಿ ಹೊರಟದ್ದರಿಂದ ಕಿಟಕಿ ತೆರೆದರೂ ಯಾರೂ ಗೊಣಗಲಿಲ್ಲ.

ಮೋಟರ್‌ಹೋಮಿನ ಎಸಿಯ ಬಗ್ಗೆ ಬಾಡಿಗೆ ಕೊಡುವವರು ಬಿಡಿಸಿ ಹೇಳುವುದಿಲ್ಲ. ಎಂಜಿನ್‌ನ ಎಸಿ ಚಾಲಕನ ಬಳಿ ಕುಳಿತವರಿಗೆ ಮಾತ್ರ. ಹಿಂದಿನವರಿಗೆ ಜನರೇಟರ್ ಹಚ್ಚಿ ಚಾವಣಿಯ ಎಸಿಯನ್ನೇ ಓಡಿಸಬೇಕು. ಜನರೇಟರ್ ಕುಡಿಯುವುದು ಎಂಜಿನ್‌ನ ಟ್ಯಾಂಕಿನ ಪೆಟ್ರೋಲನ್ನೇ, ಟ್ಯಾಂಕ್ ಕಾಲು ಭಾಗಕ್ಕೆ ಇಳಿದರೆ ತಾನಾಗಿಯೇ ನಿಲ್ಲುತ್ತದೆ. ಲೀಟರಿಗೆ ಮೂರೂವರೆ, ನಾಲ್ಕು ಕಿಲೊಮೀಟರ್ ಓಡುವ ಗಾಡಿ ಇದು, ಹಾಗಾಗಿ ಅರ್ಧಕ್ಕಿಂತ ಕೆಳಗಿಳಿಯಲು ನಾನು ಬಿಡುತ್ತಿರಲಿಲ್ಲ. ಇನ್ನೊಂದು, ಚಾವಣಿಯ ಎಸಿ ಹೊರಗಿನ ಬಿಸಿಗಿಂತ ಹತ್ತು, ಹನ್ನೊಂದು ಡಿಗ್ರಿ ಇಳಿಸಿದರೆ ಅದೇ ದೊಡ್ಡದು. ಹೊರಗೆ 43 ಇದ್ದರೆ ಒಳಗೆ 32; ಇದಕ್ಕೆ ಯಾವ ಗುಂಡಿ ಒತ್ತಿದರೂ ಪರಿಹಾರವಿಲ್ಲ. ಮೇಲೆ ತಂಗಿದರೆ ಎಸಿಯೇ ಬೇಡ, ಎಸಿ ಬೇಡವಾದರೆ ವಿದ್ಯುತ್ ಸಂಪರ್ಕವಿಲ್ಲದ, ಅಗ್ಗದ, ಮರಗಳ ನಡುವಿನ ಜಾಗಗಳೂ ಸಾಕಾಗುತ್ತವೆ. ಬ್ರೈಸ್‌ನಲ್ಲಿ ರಾತ್ರಿ ಕಂಬಳಿ ಹೊದೆದು ಮಲಗಿದೆವು, ಜುಲೈ ತಿಂಗಳಲ್ಲಿ!

ಒಣ ಸೆಕೆ ಕರಾವಳಿಯವರಿಗೆ ಅರ್ಥವಾಗುವುದು ಕಷ್ಟ. "ಬೆವರೇ ಬರುವುದಿಲ್ಲ ಮಾರಾಯ, ಮತ್ತೆಂತಹ ಸೆಕೆ?" ಎಂದು ಅಪ್ಪ ನೀರಿನ ಬಾಟಲಿ ದೂಡುತ್ತಿದ್ದರು. ಬೆವರು ಬರುತ್ತದೆ, ಮೈ ಒದ್ದೆಯಾಗುವ ಮೊದಲೇ ಆರಿಹೋಗುತ್ತದೆ ಅಷ್ಟೇ. ವಾದಕ್ಕೆ ಬಗ್ಗುವವರಲ್ಲ ಅವರು. ಅಮ್ಮ ದಿನವೂ ಉಪ್ಪು, ಶುಂಠಿ, ಕರಿಬೇವು ಹಾಕಿ ಮಜ್ಜಿಗೆ ಮಾಡಿ, ತಾಸಿಗೊಂದು ಲೋಟ ಕೈಗಿಟ್ಟರು. ನೀರು ಬೇಡವೆಂದವರು ಮಜ್ಜಿಗೆ ಬೇಡವೆನ್ನಲಿಲ್ಲ. ಅಡುಗೆಯೆಲ್ಲ ಬೆಳಿಗ್ಗೆಯೇ, ಹೊರಗಿನ ಮೇಜಿನ ಮೇಲೆ. ಒಳಗೆ ಒಲೆ ಹಚ್ಚಿದರೆ ಆ ಬಿಸಿ ಸಂಜೆಯವರೆಗೂ ಹೋಗುವುದಿಲ್ಲ. ಅಷ್ಟು ಎತ್ತರದಲ್ಲಿ ನೀರು ಕುದಿಯುವುದು 92, 93 ಡಿಗ್ರಿಗೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಯುಗ ಬೇಕು. ಮನೆಯಿಂದ ಕುಕ್ಕರ್ ತಂದಿದ್ದರಿಂದ ಸಾರಿಗೆ ಕೊರತೆಯಾಗಲಿಲ್ಲ.

ತಗ್ಗಿನಲ್ಲಿ ನಾವು ಹೆಚ್ಚು ಹೊತ್ತು ನಿಂತದ್ದು ಮಾರ್ಬಲ್ ಕ್ಯಾನ್ಯನ್‌ನ ನವಾಹೊ ಸೇತುವೆಯಲ್ಲಿ. 1929ರ ಹಳೆಯ ಸೇತುವೆ ಈಗ ನಡೆಯುವವರಿಗೆ ಮಾತ್ರ; ಕೊಲರಾಡೊ ನದಿ 467 ಅಡಿ ಕೆಳಗೆ. ಕಬ್ಬಿಣದ ತೊಲೆಯ ಮೇಲೆ ಸಂಖ್ಯೆಯ ಪಟ್ಟಿ ಅಂಟಿಸಿಕೊಂಡ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದು ಕುಳಿತಿತ್ತು. 1982ರಲ್ಲಿ ಇಡೀ ಜಗತ್ತಿನಲ್ಲಿ 22 ಮಾತ್ರ ಉಳಿದಿದ್ದವು. 1996ರಿಂದ ಇಲ್ಲಿಯ ವರ್ಮಿಲಿಯನ್ ಬಂಡೆಗಳಲ್ಲಿ ಸಾಕಿದ ಮರಿಗಳನ್ನು ಬಿಡುತ್ತಿದ್ದಾರೆ. ಅಪ್ಪ ಕ್ಯಾನ್ಯನ್‌ಗಿಂತ ಇದನ್ನೇ ಹೆಚ್ಚು ಹೊತ್ತು ನೋಡಿದರು. ಹತ್ತು ಗಂಟೆ ಹೊಡೆಯಿತೆಂದು ಎಬ್ಬಿಸಬೇಕಾಯಿತು. ಎಷ್ಟು ಹೊತ್ತಾಯಿತೆಂದು ಖಚಿತವಾಗಿ ಹೇಳುವುದೂ ಅಲ್ಲಿ ಸುಲಭವಲ್ಲ: ಅರಿಜೋನಾ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದಿಲ್ಲ, ಅದರೊಳಗಿನ ನವಾಹೊ ಮೂಲನಿವಾಸಿಗಳ ನಾಡು ಇಡುತ್ತದೆ, ಯೂಟಾವೂ ಇಡುತ್ತದೆ. ಮೊಬೈಲ್ ತಾನೇ ಸಮಯ ಬದಲಿಸುವುದನ್ನು ನಿಲ್ಲಿಸಿ, ಫೀನಿಕ್ಸ್ ಸಮಯದಲ್ಲೇ ನಡೆದೆ.

ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಇಲ್ಲಿಯೂ ಮುಂಗಾರು. ಮಳೆ ನಾಲ್ಕು ಹನಿ ಎಂದು ಕುಂದಾಪುರದವರು ನಗಬಹುದು, ಆದರೆ ಗಟ್ಟಿ ನೆಲ ನೀರು ಕುಡಿಯುವುದಿಲ್ಲ. 1997ರ ಆಗಸ್ಟ್‌ನಲ್ಲಿ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ ನೀರು ನುಗ್ಗಿ ಹನ್ನೊಂದು ಮಂದಿ ಸತ್ತಾಗ ಮಳೆ ಬಿದ್ದದ್ದು ಮೈಲುಗಟ್ಟಲೆ ಆಚೆ. ರಸ್ತೆಗೆ ಅಡ್ಡ ನೀರು ಹರಿಯುತ್ತಿದ್ದರೆ ನಿಂತುಬಿಡಿ. ತಡೆ ದಾಟಿ ಸಿಕ್ಕಿಬಿದ್ದವರಿಂದ ರಕ್ಷಣೆಯ ಖರ್ಚನ್ನು ವಸೂಲಿ ಮಾಡುವ ಕಾನೂನು ಅರಿಜೋನಾದಲ್ಲಿದೆ. ಜನ ಅದನ್ನು ಪೆದ್ದ ಚಾಲಕರ ಕಾನೂನು ಎಂದೇ ಕರೆಯುತ್ತಾರೆ. ಧೂಳಿನ ಗೋಡೆ ಎದ್ದು ಬಂದರೆ ರಸ್ತೆಯಿಂದ ಪೂರ್ತಿ ಹೊರಗಿಳಿದು ದೀಪವೆಲ್ಲ ಆರಿಸಿ, ಬ್ರೇಕಿನಿಂದ ಕಾಲು ತೆಗೆದು ಕೂರಬೇಕು. ದೀಪ ಉರಿಯುತ್ತಿದ್ದರೆ ಅದೇ ರಸ್ತೆಯೆಂದು ಹಿಂದಿನವರು ಬಂದು ಗುದ್ದುತ್ತಾರೆ.

ಹಿಂದಿರುಗುವಾಗ ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಹಾಕಿ ಎಂಜಿನ್‌ನಿಂದಲೇ ವೇಗ ಹಿಡಿದೆ, ಬ್ರೇಕ್ ಒತ್ತಿಕೊಂಡೇ ಇಳಿದರೆ ಸುಟ್ಟ ವಾಸನೆ ಬರುತ್ತದೆ. ಗಾಡಿ ಒಪ್ಪಿಸುವ ಮುನ್ನ ಮೊದಲು ಶೌಚದ ಟ್ಯಾಂಕ್ ಖಾಲಿ ಮಾಡಿ, ನಂತರ ಪಾತ್ರೆ ತೊಳೆದ ನೀರಿನ ಟ್ಯಾಂಕ್ ಬಿಡಿ, ಕೊಳವೆ ತಾನೇ ತೊಳೆದುಹೋಗುತ್ತದೆ. ತುಂಬಿದ್ದನ್ನು ಹಾಗೆಯೇ ಒಪ್ಪಿಸಿದರೆ ಹಾಕುವ ದಂಡದ ದುಡ್ಡಿನಲ್ಲಿ ಮರಗಳ ನಡುವೆ ಇನ್ನೊಂದು ರಾತ್ರಿ ಕಳೆಯಬಹುದು.