ಪ್ರಶ್ನಾವಳಿ ಪಕ್ಕಕ್ಕಿಟ್ಟು ಸುಣ್ಣದ ಬಿಲ್ ಕೇಳಿದೆ

ಕೈಗಾರಿಕೆಯಲ್ಲಿ ಪರಿಸರ ಜವಾಬ್ದಾರಿಯ ನಡವಳಿಕೆ ಎಂಬ ವಿಷಯ ಹಿಡಿದವರು ಸಾಮಾನ್ಯವಾಗಿ ಐದು ಅಂಕಣಗಳ ಪ್ರಶ್ನಾವಳಿಯಿಂದ ಶುರುಮಾಡುತ್ತಾರೆ. ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕಗಳಲ್ಲಿ ಅದನ್ನು ಹಂಚಿದರೆ ಏನು ಬರುತ್ತದೆಂದು ಮೊದಲೇ ಹೇಳಬಹುದು. ನೀರು ಉಳಿಸಬೇಕೇ? ಹೌದು. ಬಣ್ಣದ ನೀರನ್ನು ಚರಂಡಿಗೆ ಬಿಡುವುದು ತಪ್ಪೇ? ತಪ್ಪು. ಮೇಡಂ ಬಂದು ಕೇಳಿದರೆ ಬೇರೆ ಉತ್ತರ ಯಾರು ಕೊಡುತ್ತಾರೆ?

ಮನೋವಿಜ್ಞಾನಿ ಐಸೆಕ್ ಐಜೆನ್ 1991ರಲ್ಲಿ ವಿವರಿಸಿದ ಯೋಜಿತ ನಡವಳಿಕೆಯ ಸಿದ್ಧಾಂತದಲ್ಲಿ ಮೂರು ಅಂಶಗಳಿವೆ: ವ್ಯಕ್ತಿಯ ಮನೋಭಾವ, ಸುತ್ತಲಿನವರ ನಿರೀಕ್ಷೆ, ಕೆಲಸ ತನ್ನ ಕೈಯಲ್ಲಿದೆ ಎಂಬ ನಂಬಿಕೆ. ನಾನು ಬೆನ್ನುಹತ್ತಿದ್ದು ಮೂರನೆಯದನ್ನು. ಬಟ್ಟೆ ತೊಳೆಯುವ ಡ್ರಮ್ ಮುಂದೆ ನಿಂತವನ ಕೈಯಲ್ಲಿ ನಿಜವಾಗಿ ಏನಿದೆ ಎಂಬುದನ್ನು ಅಲ್ಲೇ ನಿಂತು ನೋಡಲು ನಿರ್ಧರಿಸಿದೆ.

ವಾಷಿಂಗ್ ಎಂದರೆ ಹೊಸ ಪ್ಯಾಂಟಿನ ಗಂಜಿ ಬಿಡಿಸುವುದು, ಕಿಣ್ವ ಅಥವಾ ಪ್ಯೂಮಿಸ್ ಕಲ್ಲಿನಿಂದ ಉಜ್ಜುವುದು, ಬ್ಲೀಚ್, ಬ್ಲೀಚಿನ ಪ್ರಭಾವ ತೆಗೆಯುವುದು, ಕೊನೆಗೆ ಮೆದುಗೊಳಿಸುವುದು. ಪ್ರತಿ ಹಂತಕ್ಕೂ ಡ್ರಮ್ಮಿಗೆ ನೀರು, ನಡುನಡುವೆ ಜಾಲಾಟ. ನೀರು ಹೆಚ್ಚು ಹೋಗುತ್ತಿದ್ದದ್ದು ಬ್ಲೀಚ್ ಆದ ಮೇಲಿನ ಜಾಲಾಟದಲ್ಲಿ. ಬ್ಲೀಚಿನ ಪ್ರಭಾವ ತೆಗೆಯುವ ಮೆಟಾಬೈಸಲ್ಫೈಟ್ ಹಾಕಿ ತಿರುಗಿಸಿದ ಮೇಲೆ ಆಪರೇಟರ್ ಒಂದು ಪ್ಯಾಂಟನ್ನು ಎಳೆದು, ಸೊಂಟದ ಪಟ್ಟಿಯ ಮಡಿಕೆಯನ್ನು ಹಿಂಡಿ, ಅಂಗೈಗೆ ಬಿದ್ದ ನೀರನ್ನು ಮೂಸುತ್ತಾನೆ. ಬ್ಲೀಚಿನ ವಾಸನೆ ಸ್ವಲ್ಪ ಬಂದರೂ ಇನ್ನೊಂದು ಡ್ರಮ್ ನೀರು. ಕಾರಣ ಕೇಳಿದಾಗ ಒಬ್ಬ ಹೇಳಿದ: “ಕ್ಲೋರಿನ್ ಉಳಿದರೆ ಬಟ್ಟೆ ಹಳದಿಯಾಗುತ್ತದೆ ಮೇಡಂ. ಲಾಟ್ ವಾಪಸ್ ಬಂದರೆ ನನ್ನ ಕೂಲಿಯಲ್ಲಿ ಹಿಡಿಯುತ್ತಾರೆ. ನೀರಿನ ದುಡ್ಡು ನನ್ನದಲ್ಲವಲ್ಲ.” ನಾವು ಪೋಲು ಎಂದು ಬರೆದುಕೊಳ್ಳುವುದು ಅವನ ಕೂಲಿಗೆ ಅವನೇ ಮಾಡಿಕೊಂಡ ವಿಮೆ. ಜಾಗೃತಿ ಭಿತ್ತಿಪತ್ರ ಇದನ್ನು ಮುಟ್ಟುವುದೂ ಇಲ್ಲ.

ಹಾಗಾಗಿ ಪೊಟ್ಯಾಸಿಯಂ ಅಯೊಡೈಡ್ ಮತ್ತು ಪಿಷ್ಟ ಲೇಪಿಸಿದ ಪರೀಕ್ಷಾ ಕಾಗದ ಕೊಟ್ಟೆ. ಕ್ಲೋರಿನ್ ಉಳಿದಿದ್ದರೆ ಅದು ನೀಲಿಯಾಗುತ್ತದೆ, ಇಲ್ಲದಿದ್ದರೆ ಬಿಳಿಯಾಗಿಯೇ ಇರುತ್ತದೆ. ಮೊದಮೊದಲು ಕಾಗದವನ್ನೂ ನೋಡಿದರು, ಮೂಸಿಯೂ ನೋಡಿದರು. ಬಿಳಿ ಕಾಗದ ತೋರಿಸಿದ ಲಾಟಿಗೆ ಕೂಲಿ ಹಿಡಿಯುವುದಿಲ್ಲವೆಂದು ಮಾಲೀಕರು ಒಪ್ಪಿದ ಘಟಕದಲ್ಲಿ ಹೆಚ್ಚುವರಿ ಜಾಲಾಟ ನಿಂತಿತು. ಒಪ್ಪದ ಕಡೆ ಕಾಗದದ ಡಬ್ಬಿ ಕಪಾಟಿನಲ್ಲೇ ಉಳಿಯಿತು.

ಬಣ್ಣದ ನೀರಿನ ಶುದ್ಧೀಕರಣ ಘಟಕ ನಿಜವಾಗಿ ಓಡುತ್ತಿದೆಯೇ ಎಂದು ತಿಳಿಯಲು ಲೆಕ್ಕಪುಸ್ತಕವೇ ಸಾಕು. ಜೀನ್ಸಿನ ನೀಲಿ ಬಣ್ಣವಾದ ಇಂಡಿಗೊ ನೀರಿನಲ್ಲಿ ಕರಗುವುದಿಲ್ಲ. ಸುಣ್ಣ ಮತ್ತು ಆಲಂ (ಪಟಿಕ) ಹಾಕಿದರೆ ಚಕ್ಕೆಚಕ್ಕೆಯಾಗಿ ತಳಕ್ಕಿಳಿಯುತ್ತದೆ. ಶುದ್ಧೀಕರಣ ಘಟಕ ಓಡುತ್ತಿದ್ದರೆ ಸುಣ್ಣದ ಖರೀದಿ ಇರಬೇಕು, ಕೆಸರು ಒಣಗಿಸುವ ಹಾಸಿನಲ್ಲಿ ನೀಲಿ ಕೆಸರು ಇರಬೇಕು. ಪಂಪು ಹೊಸದಾಗಿ ಹೊಳೆಯುತ್ತಿದ್ದು ಹಾಸು ಕಸ ಗುಡಿಸಿಟ್ಟಂತೆ ಚೊಕ್ಕಟವಾಗಿದ್ದರೆ ಮುಂದಿನ ಪ್ರಶ್ನೆ ಬೇಕಿಲ್ಲ. ಸುಣ್ಣದ ಬಿಲ್ ಕೇಳಿದ ಕೂಡಲೇ ಚಹಾ ತರಿಸಿ ಮಾತು ಬದಲಿಸಿದವರೂ ಇದ್ದರು.

ಆದರೆ ತಿಳಿಯಾದ ನೀರೆಲ್ಲ ಶುದ್ಧವಲ್ಲ. ಬಣ್ಣ ಹೋದರೂ ಕರಗಿದ ಲವಣ ಹೋಗುವುದಿಲ್ಲ. ಅದಕ್ಕೆ ಆರ್‌ಒ ಬೇಕು, ಆರ್‌ಒ ಉಳಿಸುವ ಉಪ್ಪುನೀರಿಗೂ ದಾರಿ ಬೇಕು. ಸಣ್ಣ ಘಟಕವೊಂದು ಒಂಟಿಯಾಗಿ ಇದನ್ನು ಹೊರಲಾರದು, ಸಾಮೂಹಿಕ ಶುದ್ಧೀಕರಣ ಘಟಕವೇ ಬೇಕು ಎಂಬುದು ನನ್ನ ಅಭಿಪ್ರಾಯ. ಮರುಬಳಕೆಗೆ ಸುಲಭವಾಗಿ ಸಿಗುವುದು ಕೊನೆಯ ಜಾಲಾಟದ ನೀರು ಮಾತ್ರ. ಅದನ್ನು ನೆಲತೊಟ್ಟಿಗೆ ತಿರುಗಿಸಿ ಮುಂದಿನ ಲಾಟಿನ ಗಂಜಿ ಬಿಡಿಸಲು ಬಳಸಬಹುದು. ಬೇಕಾಗುವುದು ಒಂದು ವಾಲ್ವ್, ಒಂದಿಷ್ಟು ಪೈಪು.

ಈಗ ಘಟಕಗಳಿಂದ ಹೊರಬಂದು ವ್ಯಾಪಾರಿಗಳ ಜೊತೆ ಮಾತಾಡುತ್ತಿದ್ದೇನೆ. ಪ್ಯಾಂಟು ಎಷ್ಟು ತಿಳಿನೀಲಿ ಆಗಬೇಕೆಂದು ಹೇಳುವವರು ಅವರು. ತಿಳಿಯಾದಷ್ಟೂ ಬ್ಲೀಚ್ ಹೆಚ್ಚು. ಅವರಿಗೂ ಪ್ರಶ್ನಾವಳಿ ಕೊಡುತ್ತಿಲ್ಲ, ಆರ್ಡರ್ ಚೀಟಿಗಳನ್ನು ಕೇಳುತ್ತಿದ್ದೇನೆ.